ಸ್ಕ್ರೀನ್ ಕಪ್ಪಾದರೆ ತಪ್ಪು ಡ್ರೈವರ್‌ನದ್ದೇನಾ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ನಮ್ಮದು ಅಸೆಂಬಲ್ಡ್ ಪಿಸಿ. ರೈಜನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 550 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ), ವಿಂಡೋಸ್ 11. ಮೊದಲು ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇತ್ತು, ಏನೂ ತೊಂದರೆ ಇರಲಿಲ್ಲ. ಎರಡು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3070 ತಗೊಂಡೆ. ಹೆಚ್ಚೂಕಡಿಮೆ ಅದೇ ಹೊತ್ತಿಗೆ ವಿಂಡೋಸ್ ಅಪ್‌ಡೇಟ್ ಕೂಡ ಆಯಿತು. ಈಗ ಡಾವಿಂಚಿ ರಿಸಾಲ್ವ್‌ನಲ್ಲಿ ರೆಂಡರ್‌ಗೆ ಹಾಕಿದರೆ ಸ್ಕ್ರೀನ್ ಎರಡು ಮೂರು ಸೆಕೆಂಡ್ ಕಪ್ಪಾಗಿ ವಾಪಸ್ ಬರುತ್ತದೆ. ಕೆಲವು ಸಲ ಬರುವುದೇ ಇಲ್ಲ. ಕಾರ್ಡಿನ ಫ್ಯಾನ್ ಜೋರಾಗಿ ತಿರುಗುತ್ತದೆ, ಹಾಡು ಮಾತ್ರ ಕೇಳಿಸುತ್ತಾ ಇರುತ್ತದೆ, ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕು. ತಮ್ಮ ವ್ಯಾಲೊರಂಟ್ ಆಡುವಾಗಲೂ ಹೀಗೇ ಆಗಿದೆ. ಇವೆಂಟ್ ವ್ಯೂವರ್‌ನಲ್ಲಿ ‘ಡಿಸ್‌ಪ್ಲೇ 4101’ ಮತ್ತು ‘ಕರ್ನಲ್ ಪವರ್ 41’ ಅಂತ ತೋರಿಸುತ್ತದೆ. ಮೂರು ಸಲ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಹೊಸದಾಗಿ ಹಾಕಿದ್ದೇನೆ. ಅಂಗಡಿಯವರು ಫಾರ್ಮ್ಯಾಟ್ ಮಾಡಿ ಅಂತಾರೆ. ಗೆಳೆಯ ಕಾರ್ಡೇ ಸತ್ತಿದೆ ಅಂತಾನೆ. ಇನ್ನೊಬ್ಬರು ರಿಜಿಸ್ಟ್ರಿಯಲ್ಲಿ ಟಿಡಿಆರ್ ಸಮಯ ಜಾಸ್ತಿ ಮಾಡು ಅಂದರು. ಮುಂದಿನ ವಾರ ಎರಡು ಮದುವೆ ವಿಡಿಯೊ ಕೊಡಬೇಕು. ಏನು ಮಾಡಲಿ?

ಉತ್ತರ: ಮೊದಲು ಮದುವೆಯವರ ಕೆಲಸ ಮುಗಿಸಿ. ಹಳೆ ಜಿಟಿಎಕ್ಸ್ 1650 ಇನ್ನೂ ನಿಮ್ಮ ಹತ್ತಿರ ಇದ್ದರೆ ಇವತ್ತೇ ಅದನ್ನು ವಾಪಸ್ ಕೂರಿಸಿ. ರೆಂಡರ್ ನಿಧಾನ ಆಗುತ್ತದೆ, ಆದರೆ ಮುಗಿಯುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಅದೇ ವಿಂಡೋಸ್, ಅದೇ ಡ್ರೈವರ್ ಇಟ್ಟುಕೊಂಡು ಹಳೆ ಕಾರ್ಡ್ ಒಂದು ವಾರ ತಕರಾರಿಲ್ಲದೆ ಓಡಿದರೆ, ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ. ಈ ಎರಡೂ ಕಾರ್ಡಿಗೆ ಎನ್‌ವಿಡಿಯಾದ ಒಂದೇ ಡ್ರೈವರ್ ಪ್ಯಾಕೇಜ್ ನಡೆಯುತ್ತದೆ. ಹಾಗಾಗಿ ಕಾರ್ಡ್ ಬದಲಿಸಿದಾಗ ಡ್ರೈವರ್ ಮುಟ್ಟಬೇಡಿ. ಮುಟ್ಟಿದರೆ ಯಾವುದರಿಂದ ಸರಿ ಹೋಯಿತು ಅಂತ ಗೊತ್ತಾಗುವುದಿಲ್ಲ.

ನಿಮ್ಮನ್ನು ಹೆಚ್ಚು ಕಾಡುತ್ತಿರುವುದು, ದುಡ್ಡು ಕೊಟ್ಟು ತಂದ ಕಾರ್ಡ್ ಹಾಳಾಗಿದೆಯಾ ಅನ್ನುವ ಚಿಂತೆ ಅಂತ ಕಾಣುತ್ತದೆ. ನೀವು ಬರೆದಿರುವುದನ್ನು ನೋಡಿದರೆ ಆ ತೀರ್ಮಾನಕ್ಕೆ ಬರುವ ಕಾಲ ಇನ್ನೂ ಬಂದಿಲ್ಲ. ಆದರೆ ನಾಲ್ಕನೇ ಸಲ ಡ್ರೈವರ್ ಹಾಕುವುದರಿಂದಲೂ ಉಪಯೋಗವಿಲ್ಲ. ನನ್ನ ಅನುಮಾನ ಬೇರೆ ಕಡೆ ಇದೆ, ಹೇಳುತ್ತೇನೆ.

4101 ಅಂದರೆ ಏನು ಅಂತ ಮೊದಲು ನೋಡೋಣ. ಆ ಸಾಲನ್ನು ತೆರೆದರೆ, ಎನ್‌ವಿಎಲ್‌ಡಿಡಿಎಂಕೆಎಂ ಅನ್ನುವ ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡುವುದು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ ಅಂತ ಇರುತ್ತದೆ. ಓದಿದವರಿಗೆ ತಪ್ಪು ಡ್ರೈವರ್‌ನದೇ ಅನಿಸುವುದು ಸಹಜ. ನಿಜವಾಗಿ ನಡೆಯುವುದು ಹೀಗೆ. ವಿಂಡೋಸ್ ಡ್ರೈವರ್ ಮೂಲಕ ಕಾರ್ಡಿಗೆ ಒಂದು ಕೆಲಸ ಕೊಡುತ್ತದೆ. ಎರಡು ಸೆಕೆಂಡ್ ಒಳಗೆ ಕಾರ್ಡ್ ಆ ಕೆಲಸ ಮುಗಿಸಬೇಕು, ಇಲ್ಲವೇ ಕೈಯಲ್ಲಿರುವುದನ್ನು ಬಿಟ್ಟು ಬರಬೇಕು. ಎರಡೂ ಆಗದಿದ್ದರೆ ವಿಂಡೋಸ್ ಕಾರ್ಡನ್ನೂ ಡ್ರೈವರನ್ನೂ ರೀಸೆಟ್ ಮಾಡುತ್ತದೆ. ಆ ಹೊತ್ತಿನಲ್ಲೇ ನಿಮ್ಮ ಸ್ಕ್ರೀನ್ ಕಪ್ಪಾಗುವುದು. ಈ ವ್ಯವಸ್ಥೆಗೇ ಟಿಡಿಆರ್ ಅನ್ನುತ್ತಾರೆ, ವಿಂಡೋಸ್ ವಿಸ್ತಾದಿಂದ ಇದೆ. ಒಂದು ನಿಮಿಷದೊಳಗೆ ಐದಕ್ಕಿಂತ ಹೆಚ್ಚು ಸಲ ಹೀಗಾದರೆ ನೀಲಿ ಪರದೆಯೇ ಬಂದುಬಿಡುತ್ತದೆ.

ಕಾರ್ಡ್ ಯಾಕೆ ಉತ್ತರ ಕೊಡಲಿಲ್ಲ ಅನ್ನುವುದು 4101ರಲ್ಲಿ ಇರುವುದಿಲ್ಲ. ಡ್ರೈವರ್‌ನಲ್ಲಿ ದೋಷ ಇರಬಹುದು. ಕರೆಂಟ್ ಸಾಲದೆ ಹೋಗಿರಬಹುದು. ರ‍್ಯಾಮ್ ತಪ್ಪು ಮಾಹಿತಿ ಕೊಟ್ಟಿರಬಹುದು. ಕಾರ್ಡಿನದೇ ಮೆಮೊರಿ ಕೈಕೊಟ್ಟಿರಬಹುದು. ಎಲ್ಲಕ್ಕೂ ಬರುವ ಮೆಸೇಜ್ ಒಂದೇ. ಮನೆಗೆ ಬಂದ ಪೋಸ್ಟ್‌ಮ್ಯಾನ್ ಜೊತೆ ಕಾಗದದಲ್ಲಿರುವ ಸುದ್ದಿಗೆ ಜಗಳ ಆಡಿದ ಹಾಗೆ, ಜನ ಡ್ರೈವರನ್ನು ಪದೇ ಪದೇ ಕಿತ್ತು ಹಾಕುತ್ತಾರೆ.

ಕರ್ನಲ್ ಪವರ್ 41 ನೋಡಿ ಹೆದರಬೇಡಿ. ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಅಂತ ಮಾತ್ರ ಅದರ ಅರ್ಥ. ನೀವೇ ಬಟನ್ ಒತ್ತಿ ಆಫ್ ಮಾಡಿದ್ದೀರಿ, ಅಲ್ವಾ? ಅದಕ್ಕೂ 41 ಬರುತ್ತದೆ. ಹೆಸರಲ್ಲಿ ಪವರ್ ಇದೆ ಅಂತ ಅದೊಂದನ್ನೇ ನಂಬಿ ಎಸ್‌ಎಂಪಿಎಸ್ ಬದಲಿಸಿದವರಿದ್ದಾರೆ.

ನಿಮ್ಮ ಕಾಗದದಲ್ಲಿ ನನ್ನ ಗಮನ ಸೆಳೆದ ಸಾಲು ಇನ್ನೊಂದು. ಸ್ಕ್ರೀನ್ ವಾಪಸ್ ಬರುವುದಿಲ್ಲ, ಫ್ಯಾನ್ ಜೋರಾಗುತ್ತದೆ, ಹಾಡು ಕೇಳಿಸುತ್ತಿರುತ್ತದೆ ಅಂದಿರಿ. ಹಾಡು ಕೇಳಿಸುತ್ತಿದೆ ಅಂದರೆ ಪ್ರೊಸೆಸರ್, ರ‍್ಯಾಮ್, ವಿಂಡೋಸ್ ಎಲ್ಲ ಎದ್ದೇ ಇವೆ. ಗ್ರಾಫಿಕ್ಸ್ ಕಾರ್ಡ್ ಮಾತ್ರ ಸಂಪರ್ಕ ಕಳೆದುಕೊಂಡಿದೆ. ರೀಸೆಟ್ ಮಾಡಲು ಹೋದರೂ ಅದು ಸಿಗುತ್ತಿಲ್ಲ. ಫ್ಯಾನ್ ಪೂರ್ತಿ ಜೋರಾಗುವುದು ಸಾಮಾನ್ಯವಾಗಿ ಕಾರ್ಡ್ ಹಿಡಿತ ತಪ್ಪಿದಾಗ. ಬರೀ ಡ್ರೈವರ್ ದೋಷವಾದರೆ ಹೆಚ್ಚಾಗಿ ಸ್ಕ್ರೀನ್ ಮಿನುಗುತ್ತದೆ, ಪ್ರೋಗ್ರಾಂ ಮುಚ್ಚಿಕೊಳ್ಳುತ್ತದೆ, ಚೇತರಿಸಿಕೊಳ್ಳುತ್ತದೆ. ನಾನು ರಿಪೇರಿಗೆ ನೋಡಿದ ಪಿಸಿಗಳಲ್ಲಿ ಕಪ್ಪು ಸ್ಕ್ರೀನ್ ಮತ್ತು ಜೋರು ಫ್ಯಾನ್ ಎರಡೂ ಜೊತೆಗೆ ಬಂದರೆ ಮೊದಲು ಕೈ ಹಾಕುವುದು ಪವರ್ ಕೇಬಲ್‌ಗೆ.

ಹಾಗಂತ ಡ್ರೈವರನ್ನು ಪಟ್ಟಿಯಿಂದ ತೆಗೆದುಹಾಕಿ ಅನ್ನುತ್ತಿಲ್ಲ. ಒಂದು ಸಲ ಸರಿಯಾಗಿ ಮಾಡಿ, ಆಮೇಲೆ ಆ ಅನುಮಾನ ಬಿಟ್ಟುಬಿಡಿ. ಹಳೆಯದರ ಮೇಲೆ ಹೊಸದನ್ನು ಹಾಕುವುದು ಬೇರೆ, ಹಳೆಯದನ್ನು ಪೂರ್ತಿ ತೆಗೆದು ಹಾಕುವುದು ಬೇರೆ. ನೀವು ಮೂರು ಸಲವೂ ಮೊದಲನೆಯದನ್ನೇ ಮಾಡಿರಬಹುದು.

ಕ್ರಮ ಹೀಗಿರಲಿ. ಎನ್‌ವಿಡಿಯಾ ಸೈಟಿನಿಂದ ಬೇಕಾದ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್, ಅಂದರೆ ಎಲ್ಲರೂ ಡಿಡಿಯು ಅನ್ನುವ ಪುಟ್ಟ ಸಾಫ್ಟ್‌ವೇರ್, ಅದನ್ನೂ ಅದರ ಮೂಲ ಸೈಟಿನಿಂದಲೇ ತಗೊಳ್ಳಿ. ಏನಾದರೂ ಕೆಟ್ಟರೆ ವಿಂಡೋಸನ್ನು ಈಗಿನ ಸ್ಥಿತಿಗೆ ತರಲು ರಿಸ್ಟೋರ್ ಪಾಯಿಂಟ್ ಒಂದು ಮಾಡಿ. ಆಮೇಲೆ ಲ್ಯಾನ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನೆಟ್ ಇದ್ದರೆ ನೀವು ಹಳೆಯದನ್ನು ತೆಗೆದ ಕೂಡಲೇ ವಿಂಡೋಸ್ ಅಪ್‌ಡೇಟ್ ತನ್ನ ಹತ್ತಿರ ಇರುವ ಡ್ರೈವರನ್ನು ಸುಮ್ನೆ ಹಾಕಿಬಿಡುತ್ತದೆ. ನೀವು ಹಾಕುವಾಗ ಎರಡೂ ಸೇರಿ ಕಲಸುಮೇಲೋಗರ.

ಆಮೇಲೆ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾರಿಯಲ್ಲಿ ಹೋಗಿ ರೀಸ್ಟಾರ್ಟ್ ಒತ್ತಿ, 4 ಆರಿಸಿದರೆ ಸೇಫ್ ಮೋಡ್. ಇಲ್ಲಿ ಎರಡು ಎಚ್ಚರಿಕೆ ಬೇಕು. ಸೇಫ್ ಮೋಡ್‌ನಲ್ಲಿ ಪಿನ್ ನಡೆಯದೆ ಪಾಸ್‌ವರ್ಡೇ ಕೇಳಬಹುದು, ನೆನಪಿದೆಯಾ ನೋಡಿಕೊಳ್ಳಿ. ವಿಂಡೋಸ್ 11ರಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ಆನ್ ಆಗಿದ್ದರೆ ರಿಕವರಿ ಕೀ ಕೂಡ ಕೇಳಬಹುದು. ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ, ಮೊದಲೇ ಫೋನಿನಲ್ಲಿ ತೆಗೆದು ಬರೆದಿಟ್ಟುಕೊಳ್ಳಿ. ಕೀ ಇಲ್ಲದೆ ಸಿಕ್ಕಿಹಾಕಿಕೊಂಡರೆ ಡ್ರೈವರ್ ವಿಷಯ ಹಾಗಿರಲಿ, ಮದುವೆ ಫುಟೇಜ್ ಇರುವ ಡಿಸ್ಕೇ ತೆರೆಯುವುದಿಲ್ಲ. ಡಿಡಿಯುನಲ್ಲಿ ಎನ್‌ವಿಡಿಯಾ ಆರಿಸಿ, ಕ್ಲೀನ್ ಅಂಡ್ ರೀಸ್ಟಾರ್ಟ್ ಕೊಡಿ. ಮಾಮೂಲಿ ವಿಂಡೋಸ್‌ಗೆ ಬಂದ ಮೇಲೆ, ನೆಟ್ ಇಲ್ಲದೆಯೇ, ಇಳಿಸಿಟ್ಟ ಡ್ರೈವರ್ ಹಾಕಿ. ಎಲ್ಲ ಮುಗಿದ ಮೇಲೆ ನೆಟ್ ಕೊಡಿ.

ಯಾವ ಡ್ರೈವರ್? ನಿಮ್ಮ ಕೆಲಸಕ್ಕೆ ಸ್ಟುಡಿಯೊ ಡ್ರೈವರ್ ಸಾಕು. ಗೇಮ್ ರೆಡಿ ಅನ್ನುವುದು ಹೊಸ ಗೇಮ್ ಬಂದ ಹಾಗೆಲ್ಲ ಬರುತ್ತದೆ. ಸ್ಟುಡಿಯೊ ಅಷ್ಟು ಬೇಗ ಬೇಗ ಬದಲಾಗುವುದಿಲ್ಲ, ಎಡಿಟಿಂಗ್ ಸಾಫ್ಟ್‌ವೇರ್‌ಗಳ ಜೊತೆ ಪರೀಕ್ಷೆ ಮಾಡಿ ಬಿಡುತ್ತಾರೆ. ತಮ್ಮನ ಗೇಮ್‌ಗೂ ಅದರಿಂದ ತೊಂದರೆ ಇಲ್ಲ. ಹೊಸದು ಯಾವಾಗಲೂ ಒಳ್ಳೆಯದು ಅನ್ನುವ ನಂಬಿಕೆಯನ್ನು ಮಾತ್ರ ಬಿಡಿ. 2025ರ ಆರಂಭದಲ್ಲಿ ಬಂದ ಎನ್‌ವಿಡಿಯಾದ 572 ಸರಣಿಯ ಡ್ರೈವರ್‌ಗಳಲ್ಲಿ ಸ್ಕ್ರೀನ್ ಕಪ್ಪಾಗುವ ದೂರುಗಳು ತುಂಬಾ ಬಂದಿದ್ದವು. ಏಪ್ರಿಲ್‌ನಲ್ಲಿ ಬಂದ 576.02ರಲ್ಲಿ ಉದ್ದದ ತಿದ್ದುಪಡಿ ಪಟ್ಟಿಯನ್ನೇ ಕೊಟ್ಟರು. ಅಂದರೆ ಡ್ರೈವರ್ ದೋಷ ಬರೀ ಕಟ್ಟುಕಥೆ ಅಲ್ಲ, ಆಗುತ್ತದೆ. ಹಾಗಾದಾಗ ಹಿಂದಿನ ಆವೃತ್ತಿಗೆ ಹೋಗುವುದೇ ಮದ್ದು.

ನಿಮ್ಮ ಕಂಪ್ಯೂಟರ್‌ನಲ್ಲಿ ತೊಂದರೆ ಶುರುವಾದದ್ದು ಕಾರ್ಡಿನಿಂದಲೋ ಅಪ್‌ಡೇಟಿನಿಂದಲೋ ಅಂತ ತಿಳಿಯಲು ಸುಲಭ ದಾರಿ ಇದೆ. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ ಹಿಸ್ಟರಿ’ ಅಂತ ಹುಡುಕಿ. ದಿನಾಂಕದ ಪ್ರಕಾರ ಯಾವತ್ತು ಏನು ಇನ್‌ಸ್ಟಾಲ್ ಆಯಿತು, ಯಾವತ್ತು ಏನು ಕೆಟ್ಟಿತು ಅಂತ ಪಟ್ಟಿ ಬರುತ್ತದೆ. ಇತ್ತೀಚಿನ ದಿನಗಳದ್ದೇ ಇರುತ್ತದೆ, ಆದ್ದರಿಂದ ತಡ ಮಾಡದೆ ನೋಡಿ. ಮೊದಲ ಕೆಂಪು ಗುರುತು ಕಾರ್ಡ್ ಹಾಕಿದ ದಿನವೇ ಬಿದ್ದಿದ್ದು, ಅಪ್‌ಡೇಟ್ ಅದಾದ ಮೇಲೆ ಬಂದಿದ್ದರೆ ಅಪ್‌ಡೇಟ್ ಬಚಾವ್.

ಇನ್ನು ನನ್ನ ಮುಖ್ಯ ಅನುಮಾನಕ್ಕೆ ಬರುತ್ತೇನೆ. ಜಿಟಿಎಕ್ಸ್ 1650 ಬರೀ 75 ವ್ಯಾಟ್ ಕಾರ್ಡ್. ಮದರ್‌ಬೋರ್ಡ್ ಸ್ಲಾಟ್ ಒಂದೇ 75 ವ್ಯಾಟ್ ಕೊಡಬಲ್ಲದು. ಹಾಗಾಗಿ ಎಷ್ಟೋ 1650 ಕಾರ್ಡಿಗೆ ಬೇರೆ ಪವರ್ ಕೇಬಲ್ಲೇ ಬೇಡ. ಆರ್‌ಟಿಎಕ್ಸ್ 3070 ತಿನ್ನುವುದು 220 ವ್ಯಾಟ್. ಎನ್‌ವಿಡಿಯಾ ಅದಕ್ಕೆ ಹೇಳುವುದು 650 ವ್ಯಾಟ್ ಎಸ್‌ಎಂಪಿಎಸ್. ನಿಮ್ಮದು 550. ಕಾರ್ಡ್ ಬದಲಾಯಿತು, ಎಸ್‌ಎಂಪಿಎಸ್ ಬದಲಾಗಲಿಲ್ಲ.

ಲೆಕ್ಕ ಹಾಕಿದರೆ ಸಾಕಾಗಬೇಕಲ್ಲ ಅಂತ ನೀವು ಕೇಳಬಹುದು. ಕಾರ್ಡಿಗೆ 220, ಪ್ರೊಸೆಸರ್‌ಗೆ 76ರ ಹತ್ತಿರ, ಉಳಿದದ್ದಕ್ಕೆ ಒಂದು 50, ಒಟ್ಟು 350 ಆಸುಪಾಸು. ಈ ಲೆಕ್ಕ ತಪ್ಪಲ್ಲ, ಆದರೆ ಅದು ಸರಾಸರಿ. 3000 ಸರಣಿಯ ದೊಡ್ಡ ಕಾರ್ಡ್‌ಗಳು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಸರಾಸರಿಗಿಂತ ಬಹಳ ಮೇಲಕ್ಕೆ ಜಿಗಿಯುತ್ತವೆ. ಒಳ್ಳೆಯ ಎಸ್‌ಎಂಪಿಎಸ್ ಅದನ್ನು ತಡೆದುಕೊಳ್ಳುತ್ತದೆ. ಹಳೆಯದೋ ಕಳಪೆಯದೋ ಆದರೆ ಆ ಕ್ಷಣದಲ್ಲಿ ವೋಲ್ಟೇಜ್ ಬೀಳುತ್ತದೆ, ಕಾರ್ಡ್ ಮುಗ್ಗರಿಸುತ್ತದೆ.

ಕ್ಯಾಬಿನೆಟ್ ಪಕ್ಕದ ಮುಚ್ಚಳ ತೆಗೆದು ಎಸ್‌ಎಂಪಿಎಸ್ ಮೇಲಿನ ಸ್ಟಿಕರ್ ಓದಿ. ದೊಡ್ಡ ಅಕ್ಷರದ 550 ಬಿಡಿ. ಕೆಳಗಿನ ಚೌಕದಲ್ಲಿ 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ, 12ರಿಂದ ಗುಣಿಸಿ. 45 ಇದ್ದರೆ 540 ವ್ಯಾಟ್, ಸರಿ ಇದೆ. 30 ಇದ್ದರೆ 360 ವ್ಯಾಟ್ ಮಾತ್ರ. ಕಾರ್ಡ್, ಪ್ರೊಸೆಸರ್ ಎರಡೂ ತಿನ್ನುವುದು ಈ ಸಾಲಿನಿಂದಲೇ. ಅದೇ ಸ್ಟಿಕರ್ ಮೇಲಿನ 80 ಪ್ಲಸ್ ಗುರುತು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದರ ಲೆಕ್ಕ, ಬಾಳಿಕೆಯ ಗ್ಯಾರಂಟಿ ಅಲ್ಲ.

ಮುಚ್ಚಳ ತೆಗೆದಾಗ ಇನ್ನೊಂದು ನೋಡಿ. 3070 ಕಾರ್ಡ್‌ಗಳಲ್ಲಿ ಹೆಚ್ಚಿನವಕ್ಕೆ ಎರಡು ಪವರ್ ಪ್ಲಗ್ ಇರುತ್ತವೆ. ನಿಮ್ಮದರಲ್ಲಿ ಎರಡಕ್ಕೂ ಒಂದೇ ಕೇಬಲ್‌ನಿಂದ ಕವಲು ಬಂದಿದೆಯಾ? ಬಂದಿದ್ದರೆ, ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ಎರಡು ಕೇಬಲ್ ಎಳೆದು ಕೊಡಿ. ಕೆಲವು ಕಂಪ್ಯೂಟರ್‌ಗಳಲ್ಲಿ ಇಷ್ಟಕ್ಕೇ ತೊಂದರೆ ನಿಂತಿದೆ. ಆದರೆ ಕೇಬಲ್ ಕಡಿಮೆ ಇದೆ ಅಂತ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ತಂದು ಸಿಕ್ಕಿಸಬೇಡಿ. ಕಾರ್ಡಿನ ಕಡೆ ಪ್ಲಗ್ ಎಲ್ಲರದೂ ಒಂದೇ, ಎಸ್‌ಎಂಪಿಎಸ್ ಕಡೆಯ ತಂತಿ ಜೋಡಣೆ ಕಂಪನಿಗೊಂದು ತರಹ. ಪ್ಲಗ್ ಕೂರುತ್ತದೆ, ಆನ್ ಮಾಡಿದ ಕೂಡಲೇ ಕಾರ್ಡ್ ಸುಡಬಹುದು. ಕೇಬಲ್ ಮುಟ್ಟುವ ಮೊದಲು ಪಿಸಿ ಆಫ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಉಳಿದ ಕರೆಂಟ್ ಇಳಿಸಿ.

ದುಡ್ಡು ಖರ್ಚು ಮಾಡದೆ ಈ ಅನುಮಾನವನ್ನು ಪರೀಕ್ಷೆ ಮಾಡಬಹುದು. ಕಾರ್ಡಿನ ಪವರ್, ವೇಗ ಹೊಂದಿಸುವ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಪವರ್ ಲಿಮಿಟ್ ಅನ್ನು ಶೇಕಡ 70ಕ್ಕೆ ಇಳಿಸಿ. ಅದೇ ಪ್ರಾಜೆಕ್ಟ್ ರೆಂಡರ್‌ಗೆ ಹಾಕಿ. ತೊಂದರೆ ಬರುತ್ತಿದ್ದ ಜಾಗ ನಿರಾಳವಾಗಿ ದಾಟಿದರೆ, ಪವರ್ ಅಥವಾ ಬಿಸಿ ಕಡೆಗೆ ಬೆರಳು ತಿರುಗುತ್ತದೆ. ಆಮೇಲೆ ಲಿಮಿಟ್ ವಾಪಸ್ 100ಕ್ಕೆ ತಂದು, ಕೋರ್ ಕ್ಲಾಕ್ ಮಾತ್ರ 100 ಮೆಗಾಹರ್ಟ್ಸ್ ಇಳಿಸಿ ನೋಡಿ. ಇದರಿಂದಲೂ ಸರಿ ಹೋದರೆ, ಫ್ಯಾಕ್ಟರಿಯಲ್ಲಿ ಕೊಟ್ಟ ಹೆಚ್ಚುವರಿ ವೇಗವನ್ನು ಕಾರ್ಡ್ ಈಗ ತಡೆದುಕೊಳ್ಳುತ್ತಿಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು. ಎರಡೂ ಪಕ್ಕಾ ಸಾಕ್ಷಿ ಅಲ್ಲ, ದಿಕ್ಕು ತೋರಿಸುತ್ತವೆ ಅಷ್ಟೇ. ಲಿಮಿಟ್ ಇಳಿಸುವುದರಲ್ಲಿ ಅಪಾಯ ಇಲ್ಲ, ರೆಂಡರ್ ಸ್ವಲ್ಪ ನಿಧಾನ ಆಗುತ್ತದೆ. ಹೊಸ ಎಸ್‌ಎಂಪಿಎಸ್ ಬರುವವರೆಗೆ ಹೀಗೇ ಓಡಿಸಿದರೂ ಪರವಾಗಿಲ್ಲ.

ಯುಪಿಎಸ್ ಬಗ್ಗೆ ನೀವು ಬರೆದಿಲ್ಲ, ಆದರೆ ಇರುತ್ತದೆ ಅಂದುಕೊಂಡಿದ್ದೇನೆ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಮಾತ್ರ. 1650 ಇದ್ದಾಗ ಅದು ಸಾಕಿತ್ತು, 3070 ಜೊತೆಗೆ ಮಾನಿಟರ್ ಸೇರಿದರೆ ಸಾಲುವುದಿಲ್ಲ. ಕರೆಂಟ್ ಹೋದ ಕ್ಷಣಕ್ಕೆ ಪಿಸಿ ಪೂರ್ತಿ ಆಫ್ ಆದರೆ ಅದು ಯುಪಿಎಸ್ ತೊಂದರೆ, ಕಪ್ಪು ಸ್ಕ್ರೀನಿನ ಜೊತೆ ಸೇರಿಸಬೇಡಿ. ಪರೀಕ್ಷೆಗೆ ಒಂದು ದಿನ ಯುಪಿಎಸ್ ಬಿಟ್ಟು, ಅರ್ಥಿಂಗ್ ಸರಿ ಇರುವ ಗೋಡೆಯ ಸಾಕೆಟ್‌ಗೇ ಹಾಕಿ ನೋಡಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂದರೆ ಅರ್ಥಿಂಗ್ ಇಲ್ಲ, ಎಲೆಕ್ಟ್ರಿಷಿಯನ್ ಕರೆಸಿ. ಅದು ಪಿಸಿಗಷ್ಟೇ ಅಲ್ಲ, ನಿಮಗೂ ಅಪಾಯ.

ರ‍್ಯಾಮ್ ವಿಷಯ ಬೇಗ ಮುಗಿಯುತ್ತದೆ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಮದರ್‌ಬೋರ್ಡ್ ಸೆಟ್ಟಿಂಗ್) ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆನ್ ಇದ್ದರೆ ಎರಡು ದಿನ ಆಫ್ ಮಾಡಿ ನೋಡಿ. ಬೇರೆ ಬೇರೆ ಕಂಪನಿಯ ಎರಡು ಕಡ್ಡಿ ಸೇರಿಸಿದ್ದರೆ ಒಂದೊಂದನ್ನೇ ಇಟ್ಟು ನೋಡಿ. ರಾತ್ರಿ ಮಲಗುವಾಗ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿಬಿಡಿ. ಬೆಳಿಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ ಮೊದಲು ರ‍್ಯಾಮ್ ಸರಿ ಮಾಡಿ.

ಇನ್ನು ಕಾರ್ಡ್. ಸೆಕೆಂಡ್ ಹ್ಯಾಂಡ್ ಆದ್ದರಿಂದ ನೋಡಲೇಬೇಕು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬಯೋಸ್ ಪರದೆಯಲ್ಲೇ ಗೆರೆ, ಚುಕ್ಕಿ, ಬಣ್ಣದ ಚೌಕ ಕಾಣುತ್ತವೆಯಾ? ಆ ಹೊತ್ತಿಗೆ ವಿಂಡೋಸ್ ಡ್ರೈವರ್ ಇನ್ನೂ ಲೋಡ್ ಆಗಿರುವುದೇ ಇಲ್ಲ. ಕೇಬಲ್, ಮಾನಿಟರ್ ಬದಲಿಸಿದರೂ ಗೆರೆ ಉಳಿದರೆ ತಪ್ಪು ಕಾರ್ಡಿನದೇ, ಯಾವ ಸಾಫ್ಟ್‌ವೇರ್‌ನಿಂದಲೂ ಸರಿ ಹೋಗುವುದಿಲ್ಲ. ಗೆರೆ ಇಲ್ಲದಿದ್ದರೆ ಓಸಿಸಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ಇರುವ ವಿಡಿಯೊ ಮೆಮೊರಿ ಪರೀಕ್ಷೆ ಓಡಿಸಿ. ಅಲ್ಲಿ ಸೊನ್ನೆ ತಪ್ಪು ಬರಬೇಕು.

ಬಿಸಿಯನ್ನು ಎಚ್‌ಡಬ್ಲ್ಯುಇನ್ಫೋ ಅನ್ನುವ ಸಾಫ್ಟ್‌ವೇರ್‌ನಲ್ಲಿ ನೋಡಿ. 3070ಗೆ ಎನ್‌ವಿಡಿಯಾ ಹೇಳುವ ಗರಿಷ್ಠ ಮಿತಿ 93 ಡಿಗ್ರಿ. ನಿಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಎಂಬತ್ತರ ಮೇಲೆ ಹೋದರೆ ಗಾಬರಿ ಬೇಡ. ಅದರ ಪಕ್ಕದ ಹಾಟ್‌ಸ್ಪಾಟ್ ಸಾಲು, ಅಂದರೆ ಚಿಪ್‌ನ ಅತಿ ಬಿಸಿ ಜಾಗದ ಲೆಕ್ಕ, ಮುಖ್ಯ. ಎರಡರ ನಡುವೆ ಮೂವತ್ತು ಡಿಗ್ರಿಯಷ್ಟು ಅಂತರ ಕಂಡರೆ ಚಿಪ್ ಮತ್ತು ಕೂಲರ್ ನಡುವಿನ ಥರ್ಮಲ್ ಪೇಸ್ಟ್ ಒಣಗಿರುವ ಸಾಧ್ಯತೆ ಜಾಸ್ತಿ. ಪೇಸ್ಟ್ ಬದಲಿಸುವುದನ್ನು ತಿಳಿದವರ ಕೈಲಿ ಮಾಡಿಸಿ. ಮೆಮೊರಿ ಮೇಲಿನ ಥರ್ಮಲ್ ಪ್ಯಾಡ್ ದಪ್ಪದಲ್ಲಿ ಸ್ವಲ್ಪ ವ್ಯತ್ಯಾಸ ಆದರೂ ಕೂಲರ್ ಚಿಪ್ ಮೇಲೆ ಸರಿಯಾಗಿ ಕೂರುವುದಿಲ್ಲ, ಇದ್ದ ಬಿಸಿ ಇನ್ನೂ ಏರುತ್ತದೆ. ಕಾರ್ಡನ್ನು ಓವನ್‌ನಲ್ಲಿ ಇಟ್ಟು ಬಿಸಿ ಮಾಡಿದರೆ ಜೀವ ಬರುತ್ತದೆ ಅನ್ನುವ ವಿಡಿಯೊಗಳಿವೆ. ದಯವಿಟ್ಟು ಮಾಡಬೇಡಿ. ಕೆಲವು ದಿನ ಓಡಿದರೂ ಮತ್ತೆ ಸಾಯುತ್ತದೆ, ಅಡುಗೆಯ ಓವನ್ ಕೂಡ ಕೆಡುತ್ತದೆ.

ಈಗ ನಿಮಗೆ ಸಿಕ್ಕ ಸಲಹೆಗಳು. ಫಾರ್ಮ್ಯಾಟ್ ಈ ಹಂತದಲ್ಲಿ ಬೇಡ. ಒಂದು ದಿನ ಹೋಗುತ್ತದೆ, ಪ್ಲಗಿನ್‌ಗಳು ಹೋಗುತ್ತವೆ, ತೊಂದರೆ ಎಸ್‌ಎಂಪಿಎಸ್‌ನಲ್ಲಿ ಇದ್ದರೆ ಹಾಗೇ ಉಳಿಯುತ್ತದೆ. ಇನ್ನೊಂದು ಖಾಲಿ ಎಸ್‌ಎಸ್‌ಡಿ ಇದ್ದರೆ ಅದರಲ್ಲಿ ಹೊಸ ವಿಂಡೋಸ್ ಹಾಕಿ ಪರೀಕ್ಷೆ ಮಾಡಿ. ಅಲ್ಲೂ ಕಪ್ಪಾದರೆ ವಿಂಡೋಸ್ ನಿರಪರಾಧಿ, ನಿಮ್ಮ ಫೈಲ್‌ಗೂ ಧಕ್ಕೆ ಇಲ್ಲ. ಟಿಡಿಆರ್ ಸಮಯ ಜಾಸ್ತಿ ಮಾಡುವುದು ಸುಳ್ಳು ಸಲಹೆ ಅಲ್ಲ. ಕೆಲವು ಭಾರೀ ಲೆಕ್ಕಾಚಾರಗಳಲ್ಲಿ ಆರೋಗ್ಯವಾಗಿರುವ ಕಾರ್ಡೂ ಎರಡು ಸೆಕೆಂಡ್ ಮೀರುತ್ತದೆ, ಅಲ್ಲಿ ಅದು ಬೇಕು. ಆದರೆ ನಿಮಗೆ ವ್ಯಾಲೊರಂಟ್‌ನಲ್ಲೂ ಹೀಗಾಗುತ್ತಿದೆ. ಆ ಗೇಮ್‌ನಲ್ಲಿ ಎರಡು ಸೆಕೆಂಡ್ ಹಿಡಿಯುವ ಕೆಲಸವೇ ಇಲ್ಲ. ಸಮಯ ಹೆಚ್ಚಿಸಿದರೆ ಎರಡು ಸೆಕೆಂಡಿನ ಬದಲು ಹತ್ತು ಸೆಕೆಂಡ್ ಹೆಪ್ಪುಗಟ್ಟಿ ನಿಲ್ಲುತ್ತದೆ, ಅಷ್ಟೇ. ರಿಸಾಲ್ವ್ ‘ಜಿಪಿಯು ಮೆಮೊರಿ ಫುಲ್’ ಅಂತ ತೋರಿಸಿದರೆ ಅದು ಬೇರೆ ಕಥೆ. 3070ಯ 8 ಜಿಬಿ ಆ ಪ್ರಾಜೆಕ್ಟಿಗೆ ಸಾಲುತ್ತಿಲ್ಲ ಅಂತ ಅರ್ಥ, ಟೈಮ್‌ಲೈನ್ ರೆಸಲ್ಯೂಷನ್ ಇಳಿಸಿ.

ಒಂದು ಸಣ್ಣ ವಿಷಯ. ಪ್ರತಿ ಬದಲಾವಣೆ ಆದ ಮೇಲೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಒಳಭಾಗವನ್ನು ಡಿಸ್ಕಿನಲ್ಲಿ ಉಳಿಸಿಟ್ಟು, ಆನ್ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಹಳೆಯ ಕಾರ್ಡ್ ಇಟ್ಟುಕೊಂಡ ಬೇರೆ ಓದುಗರಿಗೂ ಒಂದು ಮಾತು. ಜಿಟಿಎಕ್ಸ್ 900 ಮತ್ತು 1000 ಸರಣಿಗೆ, ಅಂದರೆ 1050 ಟಿಐ, 1060 ಎಲ್ಲ ಸೇರಿ, ಗೇಮ್ ರೆಡಿ ಡ್ರೈವರ್‌ಗಳನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. ಭದ್ರತಾ ಅಪ್‌ಡೇಟ್‌ಗಳು 2028ರ ಅಕ್ಟೋಬರ್‌ವರೆಗೆ ಬರುತ್ತವೆ. ಹೊಸ ಡ್ರೈವರ್ ಇನ್‌ಸ್ಟಾಲರ್ ಕಾರ್ಡ್ ಸಿಗುತ್ತಿಲ್ಲ ಅಂದರೆ ಕಾರ್ಡ್ ಕೆಟ್ಟಿಲ್ಲ. 580 ಸರಣಿಯ ಡ್ರೈವರ್ ಹುಡುಕಿ ಹಾಕಿ. 1650ಗೆ ಇದು ಅನ್ವಯಿಸುವುದಿಲ್ಲ.

ನಿಮಗೆ ನನ್ನ ಸಲಹೆಯ ಕ್ರಮ ಇಷ್ಟು. ಈ ವಾರ 1650 ಹಾಕಿ ಕೆಲಸ ಮುಗಿಸಿ ಕೊಡಿ. ಆಮೇಲೆ 3070 ಕೂರಿಸಿ, ಎರಡು ಬೇರೆ ಕೇಬಲ್ ಕೊಟ್ಟು ನೋಡಿ. ಸರಿಯಾಗದಿದ್ದರೆ ಡಿಡಿಯು ಒಂದು ಸಲ. ಆಗಲೂ ಇಲ್ಲದಿದ್ದರೆ ಪವರ್ ಲಿಮಿಟ್ ಪರೀಕ್ಷೆ. ಒಂದು ಹೊತ್ತಿಗೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ಕನಿಷ್ಠ ಒಂದು ದಿನದ ಕೆಲಸ. ಎಸ್‌ಎಂಪಿಎಸ್ ಕೊಳ್ಳುವ ಮೊದಲು ಗೆಳೆಯರ ಹತ್ತಿರ 650 ಅಥವಾ 750 ವ್ಯಾಟ್‌ನ ಒಳ್ಳೆಯ ಎಸ್‌ಎಂಪಿಎಸ್ ಇರುವ ಪಿಸಿ ಇದ್ದರೆ, ನಿಮ್ಮ ಕಾರ್ಡನ್ನು ಅದಕ್ಕೆ ಹಾಕಿ ಎರಡು ಗಂಟೆ ಓಡಿಸಿ. ಅಲ್ಲಿ ಚೆನ್ನಾಗಿ ಓಡಿದರೆ ಧೈರ್ಯವಾಗಿ ಹೊಸ ಎಸ್‌ಎಂಪಿಎಸ್ ತಗೊಳ್ಳಿ. ಅಲ್ಲೂ ಕಪ್ಪಾದರೆ ದುಡ್ಡು ಉಳಿಸಿಕೊಳ್ಳಿ, ಕಾರ್ಡ್ ಕೊಟ್ಟವರ ಜೊತೆ ಮಾತಾಡಿ. 3070 ಬಂದದ್ದು 2020ರ ಅಕ್ಟೋಬರ್‌ನಲ್ಲಿ, ವಾರಂಟಿ ಮುಗಿದಿರುವ ಸಾಧ್ಯತೆಯೇ ಜಾಸ್ತಿ. ಆದರೂ ಸೀರಿಯಲ್ ನಂಬರ್ ಹಾಕಿ ಕಂಪನಿ ಸೈಟಿನಲ್ಲಿ ಒಮ್ಮೆ ನೋಡಿ. ಕೆಲವರು ಬಿಲ್ ಕೇಳುತ್ತಾರೆ, ಮಾರಿದವರಿಂದ ಅದರ ಫೋಟೊ ಈಗಲೇ ತರಿಸಿಟ್ಟುಕೊಳ್ಳಿ.